ಬೆಳಗಿನ ರಸ್ತೆ, ಸಂಜೆಯ ರಸ್ತೆ: ಶಾಲೆಯ ದಾರಿ ಮತ್ತು ಮಕ್ಕಳ ಪರಿಸರಜ್ಞಾನ ಕುರಿತ ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಈ ಪ್ರಕರಣ ಒಂದು ಪ್ರಾಥಮಿಕ ಶಾಲೆಯ ನಾಲ್ಕನೇ ತರಗತಿಗೆ ಸಂಬಂಧಿಸಿದ್ದು. ಶಾಲೆಯ ಹೆಸರು, ಊರು, ಶಿಕ್ಷಕಿಯ ಮತ್ತು ಮಕ್ಕಳ ಹೆಸರುಗಳನ್ನು ಇಲ್ಲಿ ಕೊಟ್ಟಿಲ್ಲ. ಮಕ್ಕಳ ಗುರುತು ಸಿಗಬಹುದಾದ ಕೆಲವು ವಿವರಗಳನ್ನು, ವಿಷಯದ ಅರ್ಥಕ್ಕೆ ಧಕ್ಕೆ ಬಾರದಷ್ಟು ಮಟ್ಟಿಗೆ, ಬದಲಿಸಲಾಗಿದೆ. ಮೂವರು ಮಕ್ಕಳ ವಿಷಯ ಮತ್ತೆ ಮತ್ತೆ ಬರುವುದರಿಂದ ಅವರನ್ನು ‘ಅ’, ‘ಇ’, ‘ಉ’ ಎಂದು ಕರೆಯಲಾಗಿದೆ.

ತರಗತಿಯ ಹೆಚ್ಚಿನ ಮಕ್ಕಳು ಶಾಲಾ ವ್ಯಾನಿನಲ್ಲಿ ಬರುತ್ತಿದ್ದರು. ಕೆಲವರನ್ನು ಮನೆಯವರು ತಮ್ಮ ವಾಹನದಲ್ಲಿ ತಂದು ಬಿಡುತ್ತಿದ್ದರು. ನಡೆದು ಬರುವವರು ಬೆರಳೆಣಿಕೆಯಷ್ಟು ಮಂದಿ, ಅವರಲ್ಲೂ ದೊಡ್ಡವರ ಜೊತೆಯಿಲ್ಲದೆ ಬರುವವರು ಇನ್ನೂ ಕಡಿಮೆ. ಇದು ಈ ಶಾಲೆಯೊಂದರ ವಿಶೇಷವೇನಲ್ಲ. ಮೇಯರ್ ಹಿಲ್ಮನ್ ಮತ್ತು ಸಂಗಡಿಗರು ಇಂಗ್ಲೆಂಡಿನಲ್ಲಿ ನಡೆಸಿ 1990ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ದೊಡ್ಡವರ ಜೊತೆಯಿಲ್ಲದೆ ಶಾಲೆಗೆ ಹೋಗುತ್ತಿದ್ದ 7–8 ವರ್ಷದ ಮಕ್ಕಳ ಪ್ರಮಾಣ 1971ರಲ್ಲಿ ಶೇ 80ರಷ್ಟಿದ್ದದ್ದು 1990ರ ಹೊತ್ತಿಗೆ ಶೇ 9ಕ್ಕೆ ಇಳಿದಿತ್ತು. ಮಕ್ಕಳ ಮೇಲೆ ತಂದೆತಾಯಿಯರ ಅಕ್ಕರೆ ಹೆಚ್ಚಿದ್ದರಿಂದಲೋ ಕಡಿಮೆಯಾದದ್ದರಿಂದಲೋ ಹೀಗಾಯಿತೆಂದು ಯಾರೂ ಹೇಳಲಾರರು. ವಾಹನಗಳು ಹೆಚ್ಚಿದವು, ಅವುಗಳ ಭಯವೂ ಹೆಚ್ಚಿತು, ಆ ಭಯದಿಂದಲೇ ಇನ್ನಷ್ಟು ವಾಹನಗಳು ಶಾಲೆಯ ಬಾಗಿಲಿಗೆ ಬಂದು ನಿಂತವು.

ಸಮಸ್ಯೆ ಕಣ್ಣಿಗೆ ಬಿದ್ದ ಬಗೆ

ನಕ್ಷೆ ಓದುವ ಪಾಠ ಮುಗಿದಿತ್ತು. ದಿಕ್ಕುಗಳು, ಸಂಕೇತಗಳು, ಅಳತೆ ಎಲ್ಲವನ್ನೂ ಮಕ್ಕಳು ಪಟಪಟನೆ ಹೇಳುತ್ತಿದ್ದರು. ಮುಂದಿನ ಚಟುವಟಿಕೆಯಾಗಿ ಶಿಕ್ಷಕಿ ಒಂದೊಂದು ಖಾಲಿ ಹಾಳೆ ಕೊಟ್ಟು, ಮನೆಯಿಂದ ಶಾಲೆಗೆ ಬರುವ ದಾರಿಯನ್ನು ನೆನಪಿನಿಂದ ಬರೆಯಲು ಹೇಳಿದರು. ಬೇರೆ ಯಾವ ಸೂಚನೆಯನ್ನೂ ಕೊಡಲಿಲ್ಲ.

ವ್ಯಾನಿನಲ್ಲಿ ಬರುವ ಬಹುತೇಕ ಮಕ್ಕಳ ಹಾಳೆಯ ಒಂದು ತುದಿಯಲ್ಲಿ ಮನೆಯಿತ್ತು. ಬಾಗಿಲು, ಕಿಟಕಿ, ಹೂಕುಂಡ ಎಲ್ಲವೂ ಬಿಡಿಬಿಡಿಯಾಗಿ ಮೂಡಿದ್ದವು. ಇನ್ನೊಂದು ತುದಿಯಲ್ಲಿ ಗೇಟು, ಧ್ವಜಸ್ತಂಭಗಳ ಸಮೇತ ಶಾಲೆಯಿತ್ತು. ನಡುವೆ ಒಂದು ನೇರ ಗೆರೆ, ಅದರ ಮೇಲೆ ಬಹಳ ಅಕ್ಕರೆಯಿಂದ ಬಿಡಿಸಿದ ವ್ಯಾನು. ಅವರು ದಿನವೂ ಹಾದುಬರುವ ತಿರುವುಗಳಾಗಲಿ ಸೇತುವೆಯಾಗಲಿ ಆ ಗೆರೆಯಲ್ಲಿ ಇರಲಿಲ್ಲ. ಪಠ್ಯದಲ್ಲಿನ ನಕ್ಷೆಯಲ್ಲಿ ಆಸ್ಪತ್ರೆ ಎಲ್ಲಿದೆಯೆಂದು ತಟ್ಟನೆ ತೋರಿಸುತ್ತಿದ್ದ ಹುಡುಗನಿಗೆ, ತನ್ನ ದಾರಿಯಲ್ಲೇ ಇದ್ದ ಆಸ್ಪತ್ರೆ ಶಾಲೆಯಿಂದ ಯಾವ ಕಡೆಗಿದೆಯೆಂದು ಕೈತೋರಲು ಆಗಲಿಲ್ಲ.

ಶಿಕ್ಷಕಿಯನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ‘ಅ’ ಎಂಬ ಹುಡುಗಿಯ ಹಾಳೆ. ಉಳಿದವರ ಹಾಗೆ ಅವಳ ದಾರಿ ಖಾಲಿಯಾಗಿರಲಿಲ್ಲ, ವಿವರಗಳಿಂದ ತುಂಬಿತ್ತು. ಆದರೆ ಅವಳು ಮನೆಯಿಂದ ಶಾಲೆಗೆ ಒಂದು ರಸ್ತೆಯನ್ನೂ ಶಾಲೆಯಿಂದ ಮನೆಗೆ ಬೇರೊಂದು ರಸ್ತೆಯನ್ನೂ ಬರೆದಿದ್ದಳು. ಒಂದರ ಬದಿಯಲ್ಲಿ ಎತ್ತರದ ನೀರಿನ ಟ್ಯಾಂಕ್, ಪೆಟ್ರೋಲ್ ಬಂಕ್, ಉದ್ದದ ಹಳದಿ ಗೋಡೆ; ಇನ್ನೊಂದರ ಬದಿಯಲ್ಲಿ ಪಾರ್ಕಿನ ಕಂಬಿಬೇಲಿ, ಬ್ಯಾಂಕು, ಔಷಧಿ ಅಂಗಡಿ. ವ್ಯಾನು ಸಂಜೆ ಬೇರೆ ದಾರಿಯಲ್ಲಿ ಹೋಗುತ್ತಿರಬಹುದೆಂದು ಶಿಕ್ಷಕಿ ಚಾಲಕರನ್ನು ವಿಚಾರಿಸಿದರು. ಎರಡು ಹೊತ್ತೂ ಒಂದೇ ರಸ್ತೆ ಎಂದು ಅವರು ಹೇಳಿದರು. ಆಗ ಶಿಕ್ಷಕಿ ತಾವೇ ವ್ಯಾನು ಹತ್ತಿ ‘ಅ’ಳ ಪಕ್ಕದಲ್ಲಿ ಕುಳಿತು ಬಂದರು.

ಚಾಲಕರ ಹಿಂದಿನ ಕಿಟಕಿಯ ಸೀಟು ಅವಳ ಖಾಯಂ ಜಾಗ. ಬೆಳಿಗ್ಗೆ ಆ ಕಿಟಕಿಯಿಂದ ರಸ್ತೆಯ ಒಂದು ಮಗ್ಗುಲು ಕಾಣುತ್ತಿತ್ತು; ವ್ಯಾನು ತಿರುಗಿ ಹೋಗುವ ಸಂಜೆ ಹೊತ್ತಿನಲ್ಲಿ ಅದೇ ಕಿಟಕಿಯಿಂದ ಇನ್ನೊಂದು ಮಗ್ಗುಲು ಕಾಣುತ್ತಿತ್ತು. ಪಾರ್ಕು ಟ್ಯಾಂಕಿನ ಎದುರಿಗೇ ಇತ್ತು, ನಡುವೆ ಇದ್ದದ್ದು ರಸ್ತೆಯ ಅಗಲ ಮಾತ್ರ. ಎರಡನ್ನೂ ಒಟ್ಟಿಗೆ ನೋಡುವ ಸಂದರ್ಭವೇ ಅವಳಿಗೆ ಒದಗಿರಲಿಲ್ಲ. ಟ್ಯಾಂಕಿನ ಎದುರಿಗೆ ಏನಿದೆ ಎಂದು ಶಿಕ್ಷಕಿ ಕೇಳಿದಾಗ ಅವಳು, “ಎದುರಿಗೆ ಏನೂ ಇಲ್ಲ ಮಿಸ್, ಅದು ಬೆಳಗಿನ ರಸ್ತೆ. ಪಾರ್ಕ್ ಇರೋದು ಸಂಜೆ ರಸ್ತೇಲಿ” ಎಂದಳು.

ಈ ಉತ್ತರದಲ್ಲಿ ದಡ್ಡತನವಿಲ್ಲ. ಅವಳ ಗಮನಕ್ಕಾಗಲಿ ನೆನಪಿಗಾಗಲಿ ಕೊರತೆಯಿರಲಿಲ್ಲ; ಕಂಡದ್ದನ್ನು ಆಕೆ ಕಂಡ ಹಾಗೆಯೇ, ತಪ್ಪಿಲ್ಲದ ಅನುಕ್ರಮದಲ್ಲಿ ಬರೆದಿದ್ದಳು. ಕಂಡದ್ದು ಒಂದಕ್ಕೊಂದು ಹೊಂದಿಕೊಳ್ಳಲು ಬೇಕಾದ ಅನುಭವ ಮಾತ್ರ ಅವಳ ಪ್ರಯಾಣದಲ್ಲಿ ಇರಲಿಲ್ಲ. ಪರಿಸರಜ್ಞಾನ ಕಡಿಮೆಯಿದೆ ಎಂದು ನಾವು ಮಗುವಿನ ಮೇಲೆ ಹೊರಿಸುವ ದೋಷ ಎಷ್ಟೋ ಸಲ ಪ್ರಯಾಣದ ರೀತಿಯದ್ದೇ ಆಗಿರುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿಯನ್ನು ನಾನು ನೋಡಿಲ್ಲ.

ನಡೆದು ಬರುವ ಇಬ್ಬರು

ನಡೆದು ಬರುವ ಮಕ್ಕಳ ನಕ್ಷೆ ತಾನಾಗಿಯೇ ಚೆನ್ನಾಗಿರುತ್ತದೆ ಎಂಬುದು ಎಲ್ಲರ ನಿರೀಕ್ಷೆಯಾಗಿತ್ತು. ‘ಇ’ ಎಂಬ ಹುಡುಗನ ಹಾಳೆ ಆ ನಿರೀಕ್ಷೆಯನ್ನು ಅಲುಗಿಸಿತು. ಅವನು ದಿನವೂ ತಾಯಿಯ ಕೈ ಹಿಡಿದು ನಡೆದು ಬರುತ್ತಿದ್ದ. ಒಡೆದ ಚಪ್ಪಡಿ, ಅಲುಗಾಡುವ ಚರಂಡಿ ಮುಚ್ಚಳ, ಬೆಕ್ಕು ಕೂರುವ ಕಿಟಕಿ ಹೀಗೆ ನೆಲದ ಹತ್ತಿರದ ಸಂಗತಿಗಳು ಅವನ ಹಾಳೆಯಲ್ಲಿ ಜೀವಂತವಾಗಿದ್ದವು. ಆದರೆ ಅವುಗಳ ನಡುವೆ ಒಂದು ತಿರುವೂ ಇರಲಿಲ್ಲ. ಕೂಡುರಸ್ತೆಯಲ್ಲಿ ಯಾವ ಕಡೆ ತಿರುಗುತ್ತೀಯ ಎಂದು ಕೇಳಿದ್ದಕ್ಕೆ ಅವನು ಯೋಚಿಸಿ, “ಅಮ್ಮ ತಿರುಗ್ತಾರೆ, ನಾನೂ ತಿರುಗ್ತೀನಿ” ಎಂದ.

‘ಉ’ ಎಂಬ ಹುಡುಗಿ ತಮ್ಮನನ್ನು ಕರೆದುಕೊಂಡು ಬರುವವಳು. ದಾರಿಯ ಹೊಣೆ ಪೂರ್ತಿ ಅವಳದೇ. ಅವಳ ನಕ್ಷೆಯಲ್ಲಿ ತಿರುವುಗಳಿದ್ದವು, ಒಳದಾರಿಗಳಿದ್ದವು, ಮಳೆ ಬಂದಾಗ ನೀರು ನಿಲ್ಲುವ ಕಡೆಯನ್ನು ತಪ್ಪಿಸಿ ಹೋಗುವ ಬದಲಿ ದಾರಿಯೂ ಇತ್ತು. ಒಂದು ಓಣಿಯನ್ನು ಮಾತ್ರ ಅವಳು ಪೆನ್ಸಿಲ್ ಒತ್ತಿ ಒತ್ತಿ ಕಪ್ಪಾಗಿಸಿದ್ದಳು. ಅದೇನು ಎಂದರೆ “ಅಲ್ಲಿ ಹೋಗಬಾರದು” ಎಂದಳು, ಮತ್ತೇನನ್ನೂ ಹೇಳಲಿಲ್ಲ. ತರಗತಿಯ ಮುಂದೆ ಅದನ್ನು ಕೆದಕಬಾರದೆಂದು ಶಿಕ್ಷಕಿ ಅಲ್ಲಿಗೇ ನಿಲ್ಲಿಸಿದರು. ನಕ್ಷೆಗಳನ್ನು ಗೋಡೆಗೆ ಅಂಟಿಸುವ ಯೋಜನೆಯನ್ನೂ ಆಗಲೇ ಕೈಬಿಟ್ಟರು. ಮಗು ಎಲ್ಲಿ ವಾಸಿಸುತ್ತದೆ, ಯಾವ ಹೊತ್ತಿಗೆ ಯಾವ ದಾರಿಯಲ್ಲಿ ಒಂಟಿಯಾಗಿ ಬರುತ್ತದೆ ಎಂಬ ಮಾಹಿತಿ ಅಂಥ ಹಾಳೆಯಲ್ಲಿ ಇರುತ್ತದೆಂಬುದನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಈ ಚಟುವಟಿಕೆ ಮಾಡಿಸುವ ಯಾರೇ ಆದರೂ ಮೊದಲು ಯೋಚಿಸಬೇಕಾದ ವಿಷಯ ಇದು.

ಪ್ರಯತ್ನಗಳು

ಮೊದಲ ಪ್ರಯತ್ನ ಸುಲಭದ್ದು. ಸುತ್ತಲಿನ ಪ್ರದೇಶದ ಮುದ್ರಿತ ನಕ್ಷೆ ಕೊಟ್ಟು, ಅವರವರ ದಾರಿಯನ್ನು ಬಣ್ಣದಿಂದ ಗುರುತಿಸಲು ಹೇಳಲಾಯಿತು. ಶಿಕ್ಷಕಿಯ ನೆರವಿನಿಂದ ಎಲ್ಲರೂ ಗುರುತಿಸಿದರು. ಆದರೆ ಅದನ್ನು ಎತ್ತಿಟ್ಟು ಮತ್ತೆ ಖಾಲಿ ಹಾಳೆ ಕೊಟ್ಟಾಗ ಹಳೆಯ ಗೆರೆ, ಹಳೆಯ ವ್ಯಾನು ಹಾಗೆಯೇ ಮರಳಿ ಬಂದವು.

ಎರಡನೆಯದಾಗಿ, ವ್ಯಾನಿನ ಮಕ್ಕಳಿಗೆ ಕಿಟಕಿಯಿಂದ ಕಂಡದ್ದನ್ನು ಬರೆದುಕೊಂಡು ಬರಲು ಹೇಳಿದರು. ಉದ್ದುದ್ದ ಪಟ್ಟಿಗಳು ಬಂದವು. ಅಂಗಡಿಯ ಫಲಕಗಳು, ಮರಗಳು, ಗೋಡೆಯ ಬಣ್ಣ ಎಲ್ಲವೂ ಅವುಗಳಲ್ಲಿದ್ದವು. ಆದರೆ ಯಾವುದರ ನಂತರ ಯಾವುದು, ಯಾವುದರ ಎದುರು ಯಾವುದು ಎಂಬುದು ಕೆಲವರಿಗೆ ಮಾತ್ರ ಹೊಳೆಯಿತು. ಮನಶ್ಶಾಸ್ತ್ರಜ್ಞರಾದ ಅಲೆಕ್ಸಾಂಡರ್ ಸೀಗಲ್ ಮತ್ತು ಶೆಲ್ಡನ್ ವೈಟ್ 1975ರಲ್ಲಿ ಮಂಡಿಸಿದ ವಿವರಣೆಯ ಪ್ರಕಾರ ಸ್ಥಳಜ್ಞಾನ ಮೊದಲು ಗುರುತುಗಳಾಗಿ, ನಂತರ ಆ ಗುರುತುಗಳನ್ನು ಜೋಡಿಸುವ ದಾರಿಗಳಾಗಿ, ಕೊನೆಗೆ ಇಡೀ ಪ್ರದೇಶದ ಒಟ್ಟು ಚಿತ್ರವಾಗಿ ಬೆಳೆಯುತ್ತದೆ. ಈ ಮೆಟ್ಟಿಲುಗಳು ಹೀಗೆ ಒಂದರ ಮೇಲೊಂದು ಅಚ್ಚುಕಟ್ಟಾಗಿ ಬರುತ್ತವೆಯೇ ಎಂಬ ಬಗ್ಗೆ ನಂತರದ ಸಂಶೋಧಕರು ತಕರಾರು ತೆಗೆದಿದ್ದಾರೆ. ಆದರೂ ಈ ತರಗತಿಯಲ್ಲಿ ಏನಾಗುತ್ತಿದೆ ಎಂದು ಅರ್ಥಮಾಡಿಕೊಳ್ಳಲು ಅದು ನೆರವಾಯಿತು: ಪಟ್ಟಿ ಮಾಡಿಸಿದ್ದರಿಂದ ಗುರುತುಗಳು ಹೆಚ್ಚಾದವೇ ಹೊರತು ದಾರಿ ಮೂಡಲಿಲ್ಲ.

ಮೂರನೆಯ ಪ್ರಯತ್ನಕ್ಕೆ ಇಡೀ ಶಾಲೆಯ ಒಪ್ಪಿಗೆ ಬೇಕಾಯಿತು. ವ್ಯಾನು ಶಾಲೆಯ ಗೇಟಿನವರೆಗೆ ಬರುವ ಬದಲು ಸ್ವಲ್ಪ ಹಿಂದೆಯೇ, ಸುಮಾರು ಹತ್ತು ನಿಮಿಷದ ನಡಿಗೆಯಷ್ಟು ದೂರದಲ್ಲಿ, ಈ ತರಗತಿಯ ಮಕ್ಕಳನ್ನು ಇಳಿಸಬೇಕು. ಅಲ್ಲಿಂದ ಅವರು ಒಬ್ಬ ಶಿಕ್ಷಕರು ಮತ್ತು ಒಬ್ಬ ಪೋಷಕರ ಜೊತೆ ನಡೆದು ಬರಬೇಕು. ಪೋಷಕರ ಸಭೆಯಲ್ಲಿ ಇದಕ್ಕೆ ಬಲವಾದ ವಿರೋಧ ಬಂತು. ವ್ಯಾನಿಗೆ ಹಣ ಕೊಟ್ಟಿರುವುದೇ ಮಗು ರಸ್ತೆಗೆ ಕಾಲಿಡದಿರಲಿ ಎಂದು, ಈಗ ನೀವೇ ನಡೆಸುತ್ತೀರಾ ಎಂಬ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು. ಮುಖ್ಯೋಪಾಧ್ಯಾಯರು ವಾದಕ್ಕೆ ಇಳಿಯಲಿಲ್ಲ. ಆ ದಾರಿಯನ್ನು ತಮ್ಮೊಂದಿಗೆ ಒಮ್ಮೆ ನಡೆದು ನೋಡಿ ಆಮೇಲೆ ಹೇಳಿ ಎಂದು ಪೋಷಕರನ್ನು ಕರೆದರು. ನಡೆದು ನೋಡಿದವರಲ್ಲಿ ಹೆಚ್ಚಿನವರು ಒಪ್ಪಿದರು. ಕೆಲವರು ಒಪ್ಪಲಿಲ್ಲ, ಅವರ ಮಕ್ಕಳು ಗೇಟಿನವರೆಗೆ ವ್ಯಾನಿನಲ್ಲೇ ಬಂದರು. ಯಾರನ್ನೂ ಒತ್ತಾಯಿಸದಿದ್ದದ್ದು ಮುಂದೆ ಬಹಳ ಉಪಯೋಗಕ್ಕೆ ಬಂತು.

ತಿರುವು

ಆರಂಭದ ವಾರಗಳಲ್ಲಿ ಮಕ್ಕಳು ಸಾಲಾಗಿ ನಡೆದರು. ಮುಂದೆ ಶಿಕ್ಷಕರು, ಹಿಂದೆ ಪೋಷಕರು, ನಡುವೆ ಮಕ್ಕಳು. ಎಲ್ಲವೂ ಸುರಕ್ಷಿತವಾಗಿ, ಶಿಸ್ತಾಗಿ ನಡೆಯಿತು. ಶಿಕ್ಷಕಿ ಮತ್ತೆ ನಕ್ಷೆ ಬರೆಸಿದರು. ಬದಲಾವಣೆ ನಿರಾಶೆಯಾಗುವಷ್ಟು ಕಡಿಮೆಯಿತ್ತು. ಒಬ್ಬ ಹುಡುಗ ಆ ಇಡೀ ದಾರಿಯ ಚಿತ್ರವಾಗಿ ತನ್ನ ಮುಂದಿನವನ ಬೆನ್ನಿನ ಚೀಲವನ್ನು ಬರೆದಿದ್ದ. ಅವನು ಕಂಡದ್ದು ನಿಜವಾಗಿಯೂ ಅದನ್ನೇ.

ಇಲ್ಲಿ ಶಿಕ್ಷಕಿಗೆ ‘ಇ’ ಹೇಳಿದ ಮಾತು ನೆನಪಾಯಿತು. ಅವನೂ ನಡೆದೇ ಬರುತ್ತಿದ್ದವನು. ಆದರೆ ತಿರುಗುವ ನಿರ್ಧಾರ ತಾಯಿಯದು. ಈಗ ಇಡೀ ತರಗತಿ ‘ಇ’ಯ ಸ್ಥಿತಿಗೆ ಬಂದಿತ್ತು. ವ್ಯಾನಿನ ಬದಲು ಶಿಕ್ಷಕರು ಮಕ್ಕಳನ್ನು ಹೊತ್ತು ತರುತ್ತಿದ್ದರು ಎಂದರೂ ಸರಿಯೇ.

ಪ್ರಾಣಿಗಳ ಮೇಲೆ ನಡೆದ ಒಂದು ಹಳೆಯ ಪ್ರಯೋಗವನ್ನು ಇಲ್ಲಿ ನೆನೆಯಬೇಕು. 1963ರಲ್ಲಿ ರಿಚರ್ಡ್ ಹೆಲ್ಡ್ ಮತ್ತು ಆಲನ್ ಹೈನ್ ಎರಡೆರಡು ಬೆಕ್ಕಿನ ಮರಿಗಳನ್ನು ಒಂದು ಸುತ್ತುವ ಯಂತ್ರಕ್ಕೆ ಜೋಡಿಸಿದರು. ಒಂದು ಮರಿ ತನ್ನ ಕಾಲ ಮೇಲೆ ನಡೆಯುತ್ತಿತ್ತು. ಇನ್ನೊಂದು ಸಣ್ಣ ತೊಟ್ಟಿಲಿನಂಥದ್ದರಲ್ಲಿ ಕುಳಿತು, ಮೊದಲನೆಯದು ನಡೆದ ಹಾಗೆಲ್ಲ ತಾನೂ ಸುತ್ತುತ್ತಿತ್ತು. ಎರಡಕ್ಕೂ ಕಾಣುತ್ತಿದ್ದ ದೃಶ್ಯ ಹೆಚ್ಚುಕಡಿಮೆ ಒಂದೇ. ಆದರೂ ಕಣ್ಣಿಗೆ ಕಂಡದ್ದಕ್ಕೆ ತಕ್ಕಂತೆ ಹೆಜ್ಜೆಯಿಡುವ ಶಕ್ತಿ ನಡೆದ ಮರಿಗೆ ಬಂತು, ಕುಳಿತ ಮರಿಗೆ ಆಗ ಬರಲಿಲ್ಲ. ಬೆಕ್ಕಿನ ಮರಿಯ ದೃಷ್ಟಿಯ ಬೆಳವಣಿಗೆಯನ್ನೂ ಮಗುವಿನ ದಾರಿಯರಿವನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದು, ನಿಜ. ಆದರೆ ಮನುಷ್ಯ ಮಕ್ಕಳ ಬಗೆಗೇ ನಡೆದ ಕೆಲಸವೂ ಇದೇ ದಿಕ್ಕನ್ನು ತೋರಿಸುತ್ತದೆ. ಇಟಲಿಯ ಆಂಟೊನೆಲ್ಲಾ ರಿಸ್ಸೊಟ್ಟೊ ಮತ್ತು ಫ್ರಾಂಚೆಸ್ಕೊ ಟೊನುಚ್ಚಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂಟಿಯಾಗಿ ನಡೆದು ಶಾಲೆಗೆ ಹೋಗುವ ಮಕ್ಕಳು ದಾರಿಯ ನಕ್ಷೆ ಬರೆಯುವುದರಲ್ಲಿ ಉಳಿದವರಿಗಿಂತ ಮುಂದಿದ್ದರು. ಅಲ್ಲಿ ‘ಉಳಿದವರು’ ಎಂದರೆ ಕಾರಿನಲ್ಲಿ ಹೋಗುವವರಷ್ಟೇ ಅಲ್ಲ, ದೊಡ್ಡವರ ಜೊತೆ ನಡೆದು ಹೋಗುವವರೂ ಸೇರಿದ್ದರು ಎಂಬುದೇ ಈ ಪ್ರಕರಣಕ್ಕೆ ಮುಖ್ಯವಾದ ಅಂಶ.

ನಿರ್ಧಾರ ಮಕ್ಕಳದ್ದಾಗಬೇಕು, ಆದರೆ ಅಪಾಯ ಅವರ ತಲೆಯ ಮೇಲೆ ಬೀಳಬಾರದು. ಇದನ್ನು ಸಾಧಿಸಲು ಶಿಕ್ಷಕಿ ಎರಡು ಬಗೆಯ ನಿರ್ಧಾರಗಳನ್ನು ಬೇರ್ಪಡಿಸಿದರು. ರಸ್ತೆ ಯಾವಾಗ ದಾಟಬೇಕು ಎಂಬುದು ದೊಡ್ಡವರ ಕೈಯಲ್ಲೇ ಉಳಿಯಿತು. ಬರುತ್ತಿರುವ ವಾಹನದ ವೇಗವನ್ನು ಅಂದಾಜು ಮಾಡುವುದು ಈ ವಯಸ್ಸಿನ ಮಕ್ಕಳಿಗೆ ಕಷ್ಟ. ನಿಂತ ವಾಹನಗಳ ಮರೆಯಿಂದ ಅವರಿಗೆ ರಸ್ತೆಯೂ ಕಾಣದು, ಚಾಲಕನಿಗೆ ಅವರೂ ಕಾಣರು. ಯಾವ ಕಡೆ ಹೋಗಬೇಕು ಎಂಬುದನ್ನು ಮಾತ್ರ ಪೂರ್ತಿ ಮಕ್ಕಳಿಗೆ ಬಿಟ್ಟರು. ಪ್ರತಿದಿನ ಇಬ್ಬರು ಮುಂದಾಳುಗಳು, ದೊಡ್ಡವರು ಕೊನೆಯಲ್ಲಿ. ಕೂಡುರಸ್ತೆಗಳಲ್ಲಿ ಮುಂದಾಳುಗಳು ನಿಂತು, ಮಾತಾಡಿಕೊಂಡು, ತಿರುಗಬೇಕು. ತಪ್ಪು ತಿರುಗಿದರೂ ದೊಡ್ಡವರು ಸರಿಪಡಿಸದೆ, ಮೊದಲೇ ಗೊತ್ತುಮಾಡಿದ ಎಲ್ಲೆಯವರೆಗೆ ಹಿಂದೆಯೇ ನಡೆಯಬೇಕು.

ಈ ಕೊನೆಯ ನಿಯಮವೇ ಎಲ್ಲಕ್ಕಿಂತ ಕಷ್ಟದ್ದು. ತಪ್ಪು ದಾರಿ ಎಂದು ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಮಕ್ಕಳ ಹಿಂದೆ ನಡೆಯುವುದು ಪೋಷಕರಿಗೆ ಅಭ್ಯಾಸವಿಲ್ಲದ ಕೆಲಸ. ಒಂದು ಬೆಳಿಗ್ಗೆ ಇಡೀ ಗುಂಪು ಪಾರ್ಕಿನ ಹಿಂಬದಿಗೆ ಹೋಗಿ, ಬೇಲಿ ಎದುರಾಗಿ, ಗಲಾಟೆಯ ಚರ್ಚೆಯಾಗಿ, ಕೊನೆಗೆ ನೀರಿನ ಟ್ಯಾಂಕ್ ತಲೆಯೆತ್ತಿದ ಕಡೆಗೆ ಹೋದರೆ ಸರಿಹೋಗುತ್ತದೆಂದು ತೀರ್ಮಾನಿಸಿ, ಪ್ರಾರ್ಥನೆ ಮುಗಿದ ಮೇಲೆ ಶಾಲೆ ಸೇರಿತು. ಮುಖ್ಯೋಪಾಧ್ಯಾಯರು ಅದನ್ನು ತಡವಾಗಿ ಬಂದದ್ದೆಂದು ಲೆಕ್ಕಕ್ಕೆ ಹಿಡಿಯಲಿಲ್ಲ. ಹಿಡಿದಿದ್ದರೆ ಮರುದಿನದಿಂದ ದೊಡ್ಡವರು ಮತ್ತೆ ಸಾಲಿನ ಮುಂದಕ್ಕೆ ಬಂದು ನಿಲ್ಲುತ್ತಿದ್ದರು. ಗುರುತುಗಳ ಪಟ್ಟಿಯಲ್ಲಿ ಒಂದು ಹೆಸರಷ್ಟೇ ಆಗಿದ್ದ ಟ್ಯಾಂಕು, ದಾರಿ ತಪ್ಪಿದ ಆ ಬೆಳಿಗ್ಗೆ ದಿಕ್ಕು ಹೇಳುವ ಸಾಧನವಾಯಿತು.

‘ಅ’ಳನ್ನು ಮನಸ್ಸಿನಲ್ಲಿಟ್ಟುಕೊಂಡು ಸಂಜೆಯೂ ಅದೇ ದಾರಿಯಲ್ಲಿ ವಾಪಸು ನಡೆಸುವ ವ್ಯವಸ್ಥೆಯಾಯಿತು. ದಾರಿಯನ್ನು ಎರಡೂ ದಿಕ್ಕಿನಿಂದ ನೋಡದೆ ಅದು ಒಂದೇ ದಾರಿ ಎಂಬ ತಿಳಿವಳಿಕೆ ಗಟ್ಟಿಯಾಗುವುದಿಲ್ಲ. ದೊಡ್ಡವರೂ ಹೊಸ ಜಾಗದಲ್ಲಿ ವಾಪಸಾಗುವಾಗ ಗೊಂದಲಕ್ಕೆ ಬೀಳುವುದು ಇದಕ್ಕೇ.

ಏನಾಯಿತು

ವರ್ಷದ ಕೊನೆಯ ನಕ್ಷೆಗಳಲ್ಲಿ, ನಡೆದು ಬಂದ ಭಾಗದಲ್ಲಿ ಕೂಡುರಸ್ತೆಗಳು ಬಂದವು. ರಸ್ತೆಗೆ ಎರಡು ಮಗ್ಗುಲು ಬಂದವು. ಜೊತೆಗೆ ಯಾರೂ ಹೇಳಿಕೊಡದ ಸಂಗತಿಗಳೂ ಬಂದವು: ಬೆಳಿಗ್ಗೆ ನೆರಳಿರುವ ಗೋಡೆ, ನೀರು ಹರಿದು ಹೋಗುವ ಕಡೆ, ಇಳಿಜಾರು. ದಾಟುವ ಜಾಗವನ್ನು ಬದಲಿಸಬೇಕೆಂದು ಹೇಳಿದ್ದೂ ಮಕ್ಕಳೇ. ಅಲ್ಲಿ ನಿಲ್ಲುವ ಸರಕು ವಾಹನದ ಪಕ್ಕದಿಂದ ದೊಡ್ಡವರಿಗೆ ರಸ್ತೆ ಕಾಣುತ್ತಿತ್ತು, ತಮಗೆ ಕಾಣುತ್ತಿರಲಿಲ್ಲ ಎಂದು ಅವರು ವಿವರಿಸಿದರು. ಶಿಕ್ಷಕಿ ಮಂಡಿಯೂರಿ ನೋಡಿ ಅದನ್ನು ಖಚಿತಪಡಿಸಿಕೊಂಡರು, ದಾಟುವ ಜಾಗ ಬದಲಾಯಿತು.

‘ಅ’ಳ ಹಾಳೆಯಲ್ಲಿ ರಸ್ತೆ ಒಂದಾಯಿತು, ಪಾರ್ಕು ಟ್ಯಾಂಕಿನ ಎದುರಿಗೆ ಬಂತು. ಅದರ ಜೊತೆ ಒಂದು ಹೊಸ ತಪ್ಪೂ ಬಂತು: ಹತ್ತು ನಿಮಿಷ ನಡೆದ ಭಾಗವನ್ನು ಅವಳು ವ್ಯಾನಿನ ಇಡೀ ದಾರಿಗಿಂತ ಉದ್ದವಾಗಿ ಬರೆದಿದ್ದಳು. ಶಿಕ್ಷಕಿ ಅದನ್ನು ತಿದ್ದಲಿಲ್ಲ. ನನ್ನ ದೃಷ್ಟಿಯಲ್ಲಿ ಅದು ಸರಿಯಾದ ತೀರ್ಮಾನ. ಅವಳ ಅನುಭವದಲ್ಲಿ ಆ ಭಾಗ ಅಷ್ಟು ತುಂಬಿಕೊಂಡಿತ್ತು. ಅಳತೆಯನ್ನು ಮುಂದಿನ ತರಗತಿಯಲ್ಲಿ ಕಲಿಯಬಹುದು. ವ್ಯಾನಿನಲ್ಲೂ ಅವಳು ಬೆಳಿಗ್ಗೆ ಒಂದು ಕಿಟಕಿಗೆ, ಸಂಜೆ ಎದುರು ಕಿಟಕಿಗೆ ಕೂರತೊಡಗಿದಳೆಂದು ಚಾಲಕರು ತಿಳಿಸಿದರು. ಇದನ್ನು ಅವಳಿಗೆ ಯಾರೂ ಹೇಳಿರಲಿಲ್ಲ.

‘ಇ’ ಮೊದಲಿನಿಂದಲೂ ನಡೆದು ಬರುವವನಾದರೂ ಮುಂದಾಳಾಗುವ ಸರದಿ ಬೇಕೆಂದು ಕೇಳಿ ಗುಂಪಿಗೆ ಸೇರಿಕೊಂಡ. ಕೆಲವು ವಾರಗಳ ನಂತರ ಅವನ ತಾಯಿ ಬಂದು, ಮನೆಗೆ ಇನ್ನೊಂದು ದಾರಿಯಿದೆಯೆಂದು ಮಗ ತಮ್ಮನ್ನೇ ಕರೆದುಕೊಂಡು ಹೋದನೆಂದು ಹೇಳಿದರು.

‘ಉ’ಳ ವಿಷಯ ಇಷ್ಟು ಸಲೀಸಾಗಿರಲಿಲ್ಲ. ಶಿಕ್ಷಕಿ ಬಿಡುವಿನಲ್ಲಿ, ಅವಳೊಬ್ಬಳೇ ಇದ್ದಾಗ ಮಾತಾಡಿಸಿದರು. ಆ ಓಣಿಯಲ್ಲಿ ಯಾರೋ ಒಮ್ಮೆ ಅವಳನ್ನೂ ತಮ್ಮನನ್ನೂ ಹಿಂಬಾಲಿಸಿ ಹೆದರಿಸಿದ್ದರು. ಮನೆಯಲ್ಲಿ ಹೇಳಿದರೆ ಶಾಲೆ ಬಿಡಿಸಿಬಿಡುತ್ತಾರೆಂಬ ಭಯದಿಂದ ಅವಳು ಸುಮ್ಮನಿದ್ದಳು. ಶಿಕ್ಷಕಿ ಅವಳಿಗೆ ತಿಳಿಸಿಯೇ ಮನೆಯವರೊಂದಿಗೆ ಮಾತಾಡಿದರು. ಅವರ ಒಪ್ಪಿಗೆ ಪಡೆದು, ಹೆಸರು ಹೇಳದೆ, ಓಣಿಯ ವಿಷಯವನ್ನು ಸಂಬಂಧಪಟ್ಟವರಿಗೆ ಲಿಖಿತವಾಗಿ ತಿಳಿಸಲಾಯಿತು. ಹಿಂಬಾಲಿಸಿದವರು ಯಾರೆಂದು ಪತ್ತೆಯಾಗಲಿಲ್ಲ. ‘ಉ’ ಮತ್ತು ತಮ್ಮ ಸ್ವಲ್ಪ ಬೇಗ ಹೊರಟು, ಗುಂಪು ಇಳಿಯುವ ಜಾಗಕ್ಕೆ ಬಂದು ಜೊತೆಯಾಗತೊಡಗಿದರು. ಶಾಲೆ ಬಿಡಿಸುವ ಮಾತು ಬರಲಿಲ್ಲ.

ಈ ಪ್ರಕರಣದಿಂದ ತಿಳಿಯುವುದು

‘ಉ’ಳ ನಕ್ಷೆ ತರಗತಿಯಲ್ಲೇ ಅತ್ಯಂತ ಸಮೃದ್ಧವಾದದ್ದು, ಮತ್ತು ಆ ಸಮೃದ್ಧಿಯ ಒಂದು ಪಾಲನ್ನು ಅವಳು ಭಯದಿಂದ ಗಳಿಸಿದ್ದಳು. ಆದ್ದರಿಂದ ಮಕ್ಕಳು ಒಂಟಿಯಾಗಿ ನಡೆದರೆ ಜ್ಞಾನ ಬೆಳೆಯುತ್ತದೆ, ನಡೆಸಿ ಎಂದು ಸುಲಭವಾಗಿ ಹೇಳುವವರನ್ನು ನಾನು ಒಪ್ಪಲಾರೆ. ರೋಜರ್ ಹಾರ್ಟ್ 1970ರ ದಶಕದಲ್ಲಿ ಅಮೆರಿಕದ ಒಂದು ಸಣ್ಣ ಪಟ್ಟಣದ ಮಕ್ಕಳನ್ನು ಹತ್ತಿರದಿಂದ ಗಮನಿಸಿದಾಗ, ಹುಡುಗರಿಗೆ ಸಿಗುವ ಓಡಾಟದ ಎಲ್ಲೆ ಹುಡುಗಿಯರಿಗಿಂತ ದೊಡ್ಡದಾಗಿತ್ತು. ಎಲ್ಲೆಯನ್ನು ಯಾರು, ಯಾವ ಕಾರಣಕ್ಕೆ ಎಳೆಯುತ್ತಾರೆ ಎಂಬುದನ್ನು ಕೇಳದೆ ಮಗುವಿನ ಪರಿಸರಜ್ಞಾನವನ್ನು ಅಳೆದರೆ, ನಾವು ಅಳೆಯುತ್ತಿರುವುದು ಅದಕ್ಕೆ ಸಿಕ್ಕ ಅವಕಾಶವನ್ನು ಮಾತ್ರ.

ವ್ಯಾನನ್ನು ದೂರುವುದರಲ್ಲೂ ಅರ್ಥವಿಲ್ಲ. ದೂರದ ಮಕ್ಕಳಿಗೆ ಅದಿಲ್ಲದೆ ಶಾಲೆಯೇ ಇಲ್ಲ. ಇಡೀ ದಾರಿ ನಡೆಯಬೇಕಾಗಿಲ್ಲ ಎಂಬುದೇ ಇಲ್ಲಿ ಕಂಡ ಒಳ್ಳೆಯ ಸುದ್ದಿ: ಮಗು ನಿಂತು ಯೋಚಿಸಿ ತಿರುಗಬೇಕಾದ, ತಪ್ಪಿದರೆ ತಾನೇ ಸರಿಪಡಿಸಿಕೊಳ್ಳಬಹುದಾದ ಒಂದು ತುಂಡು ದಾರಿ ಸಾಕು. ನೇರವಾದ ಉದ್ದ ರಸ್ತೆಗಿಂತ ಕೂಡುರಸ್ತೆಗಳಿರುವ ಗಿಡ್ಡ ದಾರಿ ಇದಕ್ಕೆ ಹೆಚ್ಚು ಯೋಗ್ಯ. ಇಳಿಸುವ ಜಾಗವನ್ನು ಆರಿಸುವಾಗ ಈ ಶಾಲೆ ದೂರಕ್ಕಿಂತ ತಿರುವುಗಳನ್ನು ಗಮನಿಸಿತು.

ಈ ಫಲಿತಾಂಶಕ್ಕೆ ಮಿತಿಗಳಿವೆ. ಇದು ಒಂದೇ ತರಗತಿ. ವರ್ಷ ಕಳೆದಂತೆ ಮಕ್ಕಳು ಸಹಜವಾಗಿಯೂ ಬೆಳೆದಿದ್ದರು. ಗೇಟಿನವರೆಗೆ ವ್ಯಾನಿನಲ್ಲೇ ಬಂದ ಕೆಲವು ಮಕ್ಕಳ ನಕ್ಷೆಗಳು ಹೋಲಿಕೆಗೆ ಸಿಕ್ಕಿದ್ದರಿಂದ, ಎಲ್ಲವೂ ವಯಸ್ಸಿನ ಪರಿಣಾಮವಲ್ಲ ಎಂದು ಹೇಳುವ ಧೈರ್ಯ ಬರುತ್ತದೆ. ಅವರ ದಾರಿಗಳು ಹೆಚ್ಚು ಬದಲಾಗಿರಲಿಲ್ಲ. ಇನ್ನೊಂದು ತೊಡಕೆಂದರೆ ನಕ್ಷೆಯಲ್ಲಿ ಚಿತ್ರ ಬಿಡಿಸುವ ಕೈಚಳಕವೂ ಬೆರೆತಿರುತ್ತದೆ, ಗೊತ್ತಿದ್ದೂ ಬರೆಯಲಾಗದ ಮಕ್ಕಳಿರುತ್ತಾರೆ. ಇದನ್ನು ಮಾಡಿನೋಡಲು ಹೊರಡುವವರು ಯಾವ ಸೂಚನೆಯನ್ನೂ ಕೊಡುವ ಮೊದಲೇ ಮೊದಲ ನಕ್ಷೆಯನ್ನು ಬರೆಸಿಟ್ಟುಕೊಳ್ಳಬೇಕು. ಜೊತೆಗೆ ಮಗುವನ್ನು ಶಾಲೆಯ ಅಂಗಳದಲ್ಲಿ ನಿಲ್ಲಿಸಿ, ಕಣ್ಣಿಗೆ ಕಾಣದ ಮೂರು ನಾಲ್ಕು ಜಾಗಗಳು ಯಾವ ಕಡೆಗಿವೆಯೆಂದು ಬೆರಳು ತೋರಿಸಲು ಹೇಳಿ ಗುರುತುಹಾಕಿಕೊಳ್ಳಬೇಕು. ಹೊಸಬರಿಗೆ ದಾರಿ ಹೇಳುವ ಹಾಗೆ ಬಾಯಲ್ಲಿ ಹೇಳಿಸಿಯೂ ಕೇಳಬೇಕು. ‘ಇ’ಯ ತೊಡಕು ಹಾಳೆಯಲ್ಲಿ ಮಸುಕಾಗಿದ್ದದ್ದು ಅವನ ಬಾಯಿಂದ ಬಂದಾಗಲೇ ಸ್ಪಷ್ಟವಾಯಿತು.